ಸಭೆ ಸೇರದೆ ತೇಲುವಂತಿಲ್ಲ

ಸಿರುಗುಪ್ಪ ತಾಲ್ಲೂಕಿನ ತುಂಗಭದ್ರೆಯ ದಂಡೆಯಲ್ಲಿ ಹರಿಗೋಲೊಂದು ಬೋರಲು ಬಿದ್ದು ಬಿಸಿಲು ಕಾಯಿಸುತ್ತಿತ್ತು. ಹೊಸ ಗಾಳ, ರೀಲು ಸಮೇತ ಬಳ್ಳಾರಿಯಿಂದ ಬಂದಿದ್ದ ನಮ್ಮ ಪ್ರತಿನಿಧಿಗೆ ಮಾತಿಗೆ ಸಿಕ್ಕಿದ್ದು ಅದೊಂದೇ.

ಪ್ರತಿನಿಧಿ: ಹರಿವಿಗೆ ದೋಣಿ ಬಿಟ್ಟು ಟ್ರೌಟ್, ಸಾಲ್ಮನ್ ಹಿಡಿಯಬೇಕೆಂದಿದ್ದೇನೆ.

ಹರಿಗೋಲು: ನೀರು 20 ಡಿಗ್ರಿ ದಾಟಿದ್ರೆ ಟ್ರೌಟಿಗೆ ಏದುಸಿರು ಬರ್ತೈತ್ರೀ. ನಮ್ಮ ಬೇಸಿಗಿ 40 ದಾಟ್ತೈತಿ. ಇಲ್ಲಿ ಬಿಟ್ಟರೆ ಸೌದಿ ಖರ್ಚು ಉಳೀತೈತಿ, ಅಷ್ಟೇ. ಬ್ರಿಟಿಷರು ಅದನ್ನ ನೀಲಗಿರಿಯ ತಣ್ಣನೆ ಹೊಳಿಗೆ ಬಿಟ್ಟರು. ಬಳ್ಳಾರಿಯಾಗ ದಂಡು ಇಟ್ಟಿದ್ದರೂ ಅಲ್ಲಿನ ಹಗರಿ ಹೊಳಿಗೆ ಬಿಡಲಿಲ್ಲ. ನೀವು ಬಾಳೆಮೀನು, ರೋಹು, ಕಾಟ್ಲಾ ಅನ್ರಿ.

ಪ್ರತಿನಿಧಿ: ಅಮೆರಿಕದ ಆರೆಗಾನಿನಲ್ಲಿ ಹೀಗೆ ಹರಿವಿನಲ್ಲಿ ತೇಲಿ ಮೀನು ಹಿಡಿಯಲೆಂದೇ ಎರಡೂ ತುದಿ ಮೇಲಕ್ಕೆ ಬಾಗಿದ ದೋಣಿಗಳಿವೆ. ನಿಮಗೆ ಹಿಂದುಮುಂದೇ ಇಲ್ಲವಲ್ಲ?

ಹರಿಗೋಲು: 1520ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಡೊಮಿಂಗೊ ಪೇಸ್ ನಮ್ಮ ಹಿರಿಯರನ್ನ ನೋಡಿ ಬರದಿಟ್ಟಾನ: ಬುಟ್ಟಿಯಂಥ ದೋಣಿ, ಹದಿನೈದಿಪ್ಪತ್ತು ಮಂದಿ ಹಿಡಿಸ್ತಾರ, ಆದ್ರೆ ನೆಟ್ಟಗೆ ಹೋಗಂಗಿಲ್ಲ, ತಿರುಗ್ತಾನೇ ಇರ್ತೈತಿ ಅಂತ. ಆಗ ಮೈಗೆ ಚರ್ಮ ಇತ್ತು, ಈಗ ಪ್ಲಾಸ್ಟಿಕ್ ಚೀಲ, ಡಾಂಬರು. ತಿರುಗೋದು ಮಾತ್ರ ಬಿಟ್ಟಿಲ್ಲ. ಈ ಜಿಲ್ಲೆದಾಗ ಐನೂರು ವರ್ಷ ಒಂದೇ ನಡತಿಗೆ ನಿಂತೋರು ಇನ್ಯಾರದಾರ ಹೇಳ್ರಿ?

ಪ್ರತಿನಿಧಿ: ತೇಲಿಸಿ ಹಿಡಿಯುವುದರ ಗುಟ್ಟು?

ಹರಿಗೋಲು: ಎರೆ ನೀರಿನ ಓಟಕ್ಕೇ ಹೋಗಬೇಕು. ದಾರ ಜಗ್ಗಿದ್ರೆ ಮೀನಿಗೆ ಗುಮಾನಿ. ದೋಣಿ, ಎರೆ, ನೀರು ಮೂರೂ ಜೊತಿಗೆ ಸಾಗಬೇಕು. ಇಲ್ಲಿ ಮೂರನೇದ್ದೇ ತಕರಾರು.

ಪ್ರತಿನಿಧಿ: ಯಾಕೆ?

ಹರಿಗೋಲು: ಮೇಲೆ ಹೊಸಪೇಟಿ ಹತ್ರ 1953ರಿಂದ ಡ್ಯಾಮು ಐತಲ್ರೀ. ನೀರು ಕಾಲುವಿ ಹತ್ತಿ ಕುರುಗೋಡು, ಸಿರುಗುಪ್ಪದ ಗದ್ದಿಗೆ ಹೋಗ್ತೈತಿ. ತಪ್ಪನ್ನಂಗಿಲ್ಲ, ನನ್ನ ಹುಟ್ಟು ಹಾಕೋನೂ ಅದೇ ಭತ್ತದ ಅನ್ನ ಉಣ್ತಾನ. ಯಾವ ಕಾಲುವಿಗೆ ಯಾವತ್ತು ಎಷ್ಟು ಅಂತ ನೀರಾವರಿ ಸಲಹಾ ಸಮಿತಿ, ಅದೇ ಐಸಿಸಿ, ಸಭೆ ಸೇರಿ ಹೇಳ್ತೈತಿ. ಮಿಕ್ಕಿದ್ದು ಹೊಳಿಗೆ. ನಾನು ಒಂದು ಫರ್ಲಾಂಗು ತೇಲಬೇಕಂದ್ರೂ ಮಂತ್ರಿಗಳ ಪುರುಸೊತ್ತು ನೋಡಬೇಕು.

ಪ್ರತಿನಿಧಿ: ಸಭೆ ಇಲ್ಲದೆ ನೀರು ಬಂದದ್ದೇ ಇಲ್ಲವೇ?

ಹರಿಗೋಲು: ಯಾಕಿಲ್ಲ? 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು 19ನೇ ಗೇಟು ಕೊಚ್ಚಿಕೊಂಡು ಹೋತಲ್ಲ! 33 ಗೇಟಿನಾಗ ಅದೊಂದೇ ನೋಡ್ರಿ, ಯಾವ ಸಭೆನೂ ಕರೀಲಿಲ್ಲ. ಅವತ್ತು ಹರಿವಿಗೇನೂ ಬರ ಇರಲಿಲ್ಲ. ತೇಲಾಕ ಹೋಗಿದ್ರೆ ಈ ಸಂದರ್ಶನ ಮಂತ್ರಾಲಯದಾಗ ಮಾಡಬೇಕಾಗ್ತಿತ್ತು.

ಪ್ರತಿನಿಧಿ: ಮೀನುಗಳ ಪರ ಯಾರಾದರೂ ಮಾತಾಡಿದ್ದಾರೆಯೇ?

ಹರಿಗೋಲು: ಅಶೋಕ ಚಕ್ರವರ್ತಿ. ಇಂತಿಂಥ ದಿನ ಮೀನು ಕೊಲ್ಲಬಾರದು, ಮಾರಬಾರದು ಅಂತ ಕಂಬದ ಮ್ಯಾಲೆ ಕೆತ್ತಿಸಿದ. ಆದ್ರೆ ಆ ಕಂಬಗಳೆಲ್ಲ ಉತ್ತರದ ಕಡೆ. ನಮ್ಮ ತಾಲ್ಲೂಕಿನ ನಿಟ್ಟೂರು, ಉಡೇಗೋಳದ ಬಂಡಿ ಮ್ಯಾಲೆ ಅವನ ಹೆಸರೈತಿ, ಮೀನಿನ ಸುದ್ದಿ ಇಲ್ಲ. ಆದೇಶದ ಪ್ರತಿ ಇಲ್ಲಿಗಿನ್ನೂ ತಲುಪಿಲ್ರೀ.

ಪ್ರತಿನಿಧಿ: ಹಾಗಾದರೆ ಈ ಮಡುವಿನಲ್ಲಿ ಇವತ್ತು ತೇಲಿ ಬೇಟೆಯಾಡುವವರೇ ಇಲ್ಲ ಅನ್ನಿ.

ಹರಿಗೋಲು: ಅದಾವಲ್ರೀ, ಮೊಸಳಿ. ಅವಕ್ಕ ಹರಿವೂ ಬೇಡ, ಎರೆನೂ ಬೇಡ. ನೀವು ಆ ಕಾಲು ನೀರಿನಿಂದ ಕೊಂಚ ಮ್ಯಾಲೆ ತಗೋಳ್ರಿ.