ಸಂಶೋಧನೆಗೆ ತಲುಪದಂತೆ ದೇಣಿಗೆ ಎತ್ತುವ ಬಗೆ

ಮೊದಲು ತಿಂಗಳು ಗೊತ್ತುಮಾಡಿಕೊಳ್ಳಿ. ಅಕ್ಟೋಬರ್ ಬಿಟ್ಟು ಬೇರೆ ತಿಂಗಳಿನ ಹೆಸರೇ ಎತ್ತಬೇಡಿ. ಸ್ತನ ಕ್ಯಾನ್ಸರಿಗೆ ಈ ತಿಂಗಳು ಮೀಸಲಾದದ್ದು 1985ರಲ್ಲಿ, ಅಮೆರಿಕದಲ್ಲಿ. ಅಲ್ಲಿಯ ಕ್ಯಾನ್ಸರ್ ಸೊಸೈಟಿಯೂ ಔಷಧ ತಯಾರಿಸುವ ಒಂದು ದೊಡ್ಡ ಕಂಪನಿಯೂ ಕೂಡಿ ಹಾಕಿಕೊಟ್ಟ ಪದ್ಧತಿ. ಮಿಕ್ಕ ಹನ್ನೊಂದು ತಿಂಗಳು ಗಂಟು ಬೆಳೆಯುವುದಿಲ್ಲ ಎಂಬ ಭರವಸೆಯ ಮೇಲೆಯೇ ನಮ್ಮ ಪುಣೆಯ ಕಾರ್ಯಕ್ರಮಗಳೆಲ್ಲ ನಿಂತಿವೆ. ನವರಾತ್ರಿ, ದೀಪಾವಳಿ ಒತ್ತೊತ್ತಾಗಿ ಬರುವ ಕಾಲವಾದ್ದರಿಂದ ಸಿಕ್ಕ ಭಾನುವಾರವನ್ನು ಹಿಡಿಯಿರಿ, ಬೆಳಿಗ್ಗೆ ಹತ್ತಕ್ಕೆ ಇಡಿ. ನಾಲ್ಕು ಮನೆ ಪಾತ್ರೆ ತೊಳೆಯುವ ಬಾಯಿ, ಕಟ್ಟಡದ ಕೂಲಿ ಹೆಂಗಸು, ಅತ್ತೆಗೆ ಊಟಕ್ಕಿಟ್ಟು ಬರಬೇಕಾದ ಸೊಸೆ, ಯಾರಿಗೂ ಆಗದ ಹೊತ್ತು ಅದು. ಸಭಾಂಗಣ ಶಿಸ್ತಾಗಿರುತ್ತದೆ.

ಭಾಷಣಕಾರರನ್ನು ಆರಿಸುವಾಗ ಎಚ್ಚರವಿರಲಿ. ನ್ಯಾಯಮೂರ್ತಿ ರಾನಡೆಯವರು 1875ರಲ್ಲಿ ವಸಂತ ವ್ಯಾಖ್ಯಾನಮಾಲೆ ಶುರುಮಾಡಿದ ಊರಿದು. ಒಂದೂವರೆ ಶತಮಾನದಿಂದ ಬೇಸಿಗೆಯಲ್ಲಿ ಭಾಷಣ ಕೇಳಿ ಪಳಗಿದ ಜನ. ಇವರೆದುರು ವಿಷಯ ಬಲ್ಲವರನ್ನು ನಿಲ್ಲಿಸಿದಿರೋ, ಪ್ರಶ್ನೆ ಏಳುತ್ತದೆ. ಹಾಗಾಗಿ ಮುಖ್ಯ ಅತಿಥಿಗೆ ಬಿಲ್ಡರನ್ನೋ ಮಾಜಿ ನಗರಸೇವಕರನ್ನೋ ಸೀರಿಯಲ್ಲಿನ ಅತ್ತೆಯನ್ನೋ ಕರೆಯಿರಿ. ಅವರಿಗೆ ನಲವತ್ತು ನಿಮಿಷ ಕೊಡಿ. ಗಂಟೆ ಬಾರಿಸುವ ಹುಡುಗನನ್ನು ಆ ಹೊತ್ತಿಗೆ ಚಹಾ ತರಲು ಕಳಿಸಿ.

ಕಾಯಿಲೆ ಅನುಭವಿಸಿದ ಒಬ್ಬ ಹೆಣ್ಣುಮಗಳು ಮಾತ್ರ ವೇದಿಕೆಯ ಮೇಲೆ ಇರಲೇಬೇಕು. ಅವರಿಗೆ ನಾಲ್ಕು ನಿಮಿಷ ಸಾಕು. ಹಣ ಕೊಡಬೇಡಿ, ಸ್ವಯಂಸೇವಕಿ ಎಂದು ಆಮಂತ್ರಣ ಪತ್ರಿಕೆಯಲ್ಲೇ ಅಚ್ಚು ಹಾಕಿದ್ದೀರಿ. ಕೊಥ್ರೂಡಿನಿಂದ ಬಂದುಹೋಗುವ ರಿಕ್ಷಾ ಬಾಡಿಗೆಯ ಮಾತೂ ಬರಕೂಡದು. ಬದಲಿಗೆ ಶಾಲು ಹೊದಿಸಿ, ತೆಂಗಿನಕಾಯಿ ಕೊಡಿ. ಎಡಗೈಯಲ್ಲಿ ಹಿಡಿಯಲು ಅವರು ತಡವರಿಸಿದರೆ ಗಮನಿಸಬೇಡಿ. ಕಂಕುಳಿನ ಗ್ರಂಥಿಗಳನ್ನು ತೆಗೆದ ಮೇಲೆ ಕೆಲವರಿಗೆ ತೋಳು ಊದುತ್ತದೆ, ಭಾರ ಎತ್ತಲಾಗುವುದಿಲ್ಲ. ಫೋಟೋದಲ್ಲಿ ಅದೆಲ್ಲ ಕಾಣುವುದಿಲ್ಲ.

ಅವರ ಮಾತನ್ನು ಮೊದಲೇ ಬರೆಸಿಕೊಂಡು ತಿದ್ದಿ. ಹೆದರಿದೆ, ಹೋರಾಡಿದೆ, ಗೆದ್ದೆ, ಇಷ್ಟು ಉಳಿಸಿ. ಧಾರವಾಡದ ಸೈಟು ಮಾರಿ ಕೀಮೋ ಬಿಲ್ಲು ಕಟ್ಟಿದ್ದನ್ನು ಹೊಡೆದುಹಾಕಿ. ಮಗಳ ಲಗ್ನ ನಿಶ್ಚಯವಾಗುವ ತನಕ ಸುದ್ದಿ ಹೊರಬೀಳದಂತೆ ಮನೆಯವರು ನೋಡಿಕೊಂಡದ್ದು, ಯಜಮಾನರು ಮಲಗುವ ಕೋಣೆ ಬದಲಿಸಿದ್ದು, ಪ್ರತಿ ತಪಾಸಣೆಯ ಹಿಂದಿನ ರಾತ್ರಿ ನಿದ್ದೆ ಬಾರದ್ದು, ಇವನ್ನೂ ತೆಗೆಯಿರಿ. ವರ್ಷಗಟ್ಟಲೆ ದಿನಕ್ಕೊಂದು ಮಾತ್ರೆ ನುಂಗಬೇಕೆಂಬುದು ಬೇಸರದ ಸಂಗತಿ, ಅದೂ ಬೇಡ. ಕಾಯಿಲೆ ಎಲುಬಿಗೋ ಶ್ವಾಸಕೋಶಕ್ಕೋ ಹಬ್ಬಿ, ಔಷಧದ ಮೇಲೆಯೇ ಆಫೀಸು, ಮನೆ ಎರಡನ್ನೂ ನಡೆಸಿಕೊಂಡು ಹೋಗುತ್ತಿರುವವರನ್ನಂತೂ ಕರೆಯಲೇಬೇಡಿ. ಅವರು ಗೆದ್ದೂ ಇಲ್ಲ, ಸೋತೂ ಇಲ್ಲ. ಅವರ ಮಾತು ಮುಗಿದ ಮೇಲೆ ಯಾವ ಹಾಡು ಹಾಕಬೇಕೆಂದು ಸೌಂಡಿನವನಿಗೆ ತಿಳಿಯುವುದಿಲ್ಲ. ಹೊಸ ಔಷಧಕ್ಕಾಗಿ ದಿನ ಎಣಿಸುವವರು ಅವರೇ, ಸಂಶೋಧನೆಯಲ್ಲಿ ಎಲ್ಲರಿಗಿಂತ ಹೆಚ್ಚು ಆಸಕ್ತಿ ಇರುವವರೂ ಅವರೇ. ಅದಕ್ಕೇ ಹೇಳುವುದು, ಕರೆಯಬೇಡಿ.

ಇನ್ನು ಅಂಕಿಸಂಖ್ಯೆ. ಸ್ವಲ್ಪ ಬೇಕಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗದ ಅಂದಾಜಿನಂತೆ 2022ರಲ್ಲಿ ಭಾರತದಲ್ಲಿ ಸುಮಾರು 1.92 ಲಕ್ಷ ಹೊಸ ಸ್ತನ ಕ್ಯಾನ್ಸರ್ ಪ್ರಕರಣಗಳು. ಇದನ್ನು ಗಟ್ಟಿಯಾಗಿ ಹೇಳಿ, ನಿಲ್ಲಿಸಿ, ಸಭೆಯನ್ನು ನೋಡಿ. ಅದೇ ವರ್ಷದ ಸಾವು ಸುಮಾರು 98 ಸಾವಿರ ಎಂದು ಮುಂದುವರಿಸಬೇಡಿ. ಮುಂದುವರಿಸಿದರೆ ಎರಡನೇ ಸಾಲಿನಲ್ಲಿ ಕೂತ ನಿವೃತ್ತ ಮೇಷ್ಟ್ರು ಮನಸ್ಸಿನಲ್ಲೇ ಭಾಗಿಸಿ, ಅರ್ಧದಷ್ಟು ಯಾಕೆ ಸಾಯುತ್ತಾರೆ ಎಂದು ಎದ್ದು ನಿಲ್ಲುತ್ತಾರೆ. ತಡವಾಗಿ ಬರುತ್ತಾರೆ, ಚಿಕಿತ್ಸೆಯನ್ನು ಅರ್ಧಕ್ಕೆ ಬಿಡುತ್ತಾರೆ ಎನ್ನಬೇಕಾಗುತ್ತದೆ. ಯಾಕೆ ತಡ, ಯಾಕೆ ಅರ್ಧ ಎಂದು ಮತ್ತೆ ಕೇಳುತ್ತಾರೆ. ಊಟ ತಣ್ಣಗಾಗುತ್ತದೆ.

‘ಬೇಗ ಪತ್ತೆಹಚ್ಚಿ’ ಎಂದು ಹತ್ತು ಸಲ ಹೇಳಿ, ಹೇಗೆ ಎಂದು ಒಮ್ಮೆಯೂ ಹೇಳಬೇಡಿ. ಗಂಟು ಸಾಮಾನ್ಯವಾಗಿ ಮೊದಮೊದಲು ನೋಯುವುದಿಲ್ಲ, ನೋವಿಲ್ಲವೆಂದೇ ಹೆಂಗಸರು ಸುಮ್ಮನಿರುತ್ತಾರೆ. ಈ ಒಂದು ವಾಕ್ಯ ಸಭೆಯಿಂದ ಮನೆಗೆ ಹೋಯಿತೆಂದರೆ ನಿಮ್ಮ ಇಡೀ ಕಾರ್ಯಕ್ರಮ ಉಪಯೋಗಕ್ಕೆ ಬಂದುಬಿಡುತ್ತದೆ. ಮುಂಬಯಿಯ ಪ್ರಯೋಗವನ್ನೂ ಮುಚ್ಚಿಡಿ. ಟಾಟಾ ಮೆಮೋರಿಯಲ್ ಆಸ್ಪತ್ರೆಯವರು 1998ರಿಂದ ಇಪ್ಪತ್ತು ವರ್ಷ, ಅಲ್ಲಿಯ ಬಡ ಬಸ್ತಿಗಳ ಒಂದೂವರೆ ಲಕ್ಷಕ್ಕೂ ಹೆಚ್ಚು ಹೆಂಗಸರನ್ನು ಎರಡು ಗುಂಪು ಮಾಡಿ ನೋಡಿದರು. ಒಂದು ಗುಂಪಿಗೆ ಎರಡು ವರ್ಷಕ್ಕೊಮ್ಮೆ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಕೈಯಿಂದಲೇ ಪರೀಕ್ಷೆ ಮಾಡಿದರು. ಮ್ಯಾಮೊಗ್ರಾಮ್ ಇಲ್ಲ, ಯಂತ್ರವಿಲ್ಲ. 2021ರಲ್ಲಿ ಫಲಿತಾಂಶ ಪ್ರಕಟವಾಯಿತು: ಐವತ್ತು ದಾಟಿದವರಲ್ಲಿ ಈ ಕಾಯಿಲೆಯಿಂದ ಸಾಯುವವರು ಹತ್ತಿರಹತ್ತಿರ ಶೇಕಡಾ 30 ಕಡಿಮೆ. ಬರಿಗೈಯಲ್ಲಿ ಆಗುವ ಕೆಲಸ ಎಂದು ಗೊತ್ತಾದರೆ ಮ್ಯಾಮೊಗ್ರಾಮ್ ಕೂಪನ್ ಪ್ರಾಯೋಜಿಸಿದವರ ಮುಖ ನೋಡಲಾಗುವುದಿಲ್ಲ.

ಭಾಷೆಯನ್ನು ಹೀಗೆ ಹಂಚಿ: ಪರದೆಯ ಮೇಲೆ ಇಂಗ್ಲಿಷ್, ಮೈಕಿನಲ್ಲಿ ಮರಾಠಿ, ವಂದನಾರ್ಪಣೆಯಲ್ಲಿ ಎರಡು ವಾಕ್ಯ ಕನ್ನಡ. ಹಿಂಜೆವಾಡಿ, ವಾಕಡ್ ಕಡೆ ಗೋಪುರದಂಥ ಕಟ್ಟಡಗಳಿಗೆ ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ, ವಿಜಯಪುರದ ಹೆಣ್ಣುಮಕ್ಕಳು ಬಹಳ. ಅವರ ತಗಡಿನ ಶೆಡ್ಡಿಗೆ ಹೋಗಿ ಕನ್ನಡದಲ್ಲಿ ಅರ್ಧ ತಾಸು ಮಾತಾಡುವುದು ಯಾವ ಸಂಘಕ್ಕೂ ಕಷ್ಟವಲ್ಲ, ಖರ್ಚಂತೂ ಇಲ್ಲವೇ ಇಲ್ಲ. ಆ ಯೋಚನೆ ಬಂದಾಗ ತಡೆದುಕೊಳ್ಳಿ. ಖರ್ಚಿಲ್ಲದ ಕೆಲಸಕ್ಕೆ ಪ್ರಾಯೋಜಕರು ಸಿಗುವುದಿಲ್ಲ, ಪ್ರಾಯೋಜಕರಿಲ್ಲದಿದ್ದರೆ ಬ್ಯಾನರಿಲ್ಲ. ಅಲ್ಲದೆ, ‘ಯಕ್ಕಾ, ಎದಿಯಾಗ ಗಂಟ ಆಗೇತಿ, ನೋವೇನಿಲ್ಲ ಬಿಡ್ರಿ’ ಎಂದು ಯಾರಾದರೂ ನಿಮ್ಮ ಕೈ ಹಿಡಿದರೆ ಆಮೇಲೆ ಸುಮ್ಮನೆ ಬರಲಾಗುವುದಿಲ್ಲ. ಆಸ್ಪತ್ರೆ, ಸಾಲು, ಕಾಗದಪತ್ರ, ಊರಿನ ರೇಷನ್ ಕಾರ್ಡು ಈ ಊರಲ್ಲಿ ನಡೆಯುತ್ತದೋ ಇಲ್ಲವೋ ಎಂಬ ವಿಚಾರಣೆ, ಎಲ್ಲ ನಿಮ್ಮ ತಲೆಗೇ ಬರುತ್ತದೆ.

ಈಗ ಹಣದ ವಿಷಯಕ್ಕೆ ಬರೋಣ. ಐದು ಲಕ್ಷ ಕೂಡಿತು ಅನ್ನಿ. ಗುಲಾಬಿ ಟೀಶರ್ಟು, ಗುಲಾಬಿ ಬಲೂನು, ಓಡಿ ಬಂದವರಿಗೆಲ್ಲ ಪದಕ, ಡ್ರೋನ್ ಕ್ಯಾಮೆರಾ, ಡಿಜೆ, ಮುಖ್ಯ ಅತಿಥಿಯ ಹೂಗುಚ್ಛ, ಇವಕ್ಕೆ ನಾಲ್ಕೂವರೆ ಇಡಿ. ಇಡ್ಲಿ ವಡೆಯನ್ನು ಮಾತ್ರ ದುಡ್ಡು ಕೊಟ್ಟು ತರಿಸಬೇಡಿ. ಪುಣೆಯಲ್ಲಿ ನಮ್ಮ ಉಡುಪಿ ಮಂಗಳೂರು ಕಡೆಯ ಹೋಟೆಲಿನವರು ಧರ್ಮಕಾರ್ಯವೆಂದರೆ ಇಲ್ಲವೆನ್ನುವ ಪೈಕಿಯಲ್ಲ. ಉಳಿದ ಐವತ್ತು ಸಾವಿರಕ್ಕೆ ಬಾಗಿಲಿನಷ್ಟು ಅಗಲದ ರಟ್ಟಿನ ಚೆಕ್ಕು ಮಾಡಿಸಿ. ಇದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ, ದೊಡ್ಡವರು ಹಾಕಿಕೊಟ್ಟ ದಾರಿ. 2010ರಲ್ಲಿ ಅಮೆರಿಕದಲ್ಲಿ ಕೆಎಫ್‌ಸಿಯವರು ಕರಿದ ಕೋಳಿಯನ್ನೇ ಗುಲಾಬಿ ಬಕೆಟ್ಟಿನಲ್ಲಿ ತುಂಬಿ ಸ್ತನ ಕ್ಯಾನ್ಸರಿನ ಹೆಸರಿನಲ್ಲಿ ಮಾರಿದರು.

ಆ ಐವತ್ತು ಸಾವಿರವನ್ನಾದರೂ ಎಲ್ಲಿಗೆ ಕೊಡಬೇಕು? ಹೆಸರು ಕೆತ್ತಿಸಲು ಜಾಗವಿರುವಲ್ಲಿಗೆ. ಗಾಲಿಕುರ್ಚಿ ಒಳ್ಳೆಯದು, ಬೆನ್ನಿನ ಮೇಲೆ ಸಂಘದ ಹೆಸರು ಬರೆಸಬಹುದು. ಸಂಶೋಧನೆಗೆ ಬೆನ್ನಿಲ್ಲ. ಪುಣೆಯಲ್ಲೇ ಶಸ್ತ್ರವೈದ್ಯ ಡಾ. ಕೊಪ್ಪೀಕರ್ ಅವರ ಪ್ರಶಾಂತಿ ಕ್ಯಾನ್ಸರ್ ಕೇರ್ ಮಿಷನ್ನೂ ಪಾಷಾಣ್ ಬಡಾವಣೆಯ ಐಸರ್ ವಿಜ್ಞಾನ ಸಂಸ್ಥೆಯೂ ಕೂಡಿ ಸ್ತನ ಕ್ಯಾನ್ಸರ್ ಸಂಶೋಧನೆ ನಡೆಸುತ್ತವೆ. ರೋಗಿಗಳ ಒಪ್ಪಿಗೆ ಪಡೆದು ಗಡ್ಡೆಯ ಚೂರುಗಳನ್ನು ವರ್ಷಗಟ್ಟಲೆ ಕಾಪಿಡುತ್ತಾರೆ. ಟ್ರಿಪಲ್ ನೆಗೆಟಿವ್ ಎಂಬ ಹಟಮಾರಿ ಬಗೆ ಪಾಶ್ಚಾತ್ಯರಿಗಿಂತ ನಮ್ಮ ಹೆಂಗಸರಲ್ಲಿ ಹೆಚ್ಚು. ಯಾಕೆಂದು ತಿಳಿಯಬೇಕಾದರೆ ನಮ್ಮವರ ಗಡ್ಡೆಯನ್ನೇ ನೋಡಬೇಕಲ್ಲ. ಇಂಥ ಸಂಗ್ರಹಗಳಿಗೆ ಬೇಕಾಗುವುದು ಮೈನಸ್ 80 ಡಿಗ್ರಿಯ ಫ್ರೀಜರು, ಅದಕ್ಕೆ ಹಗಲೂ ರಾತ್ರಿ ಕರೆಂಟು, ಲೆಕ್ಕ ಇಡುವ ಒಬ್ಬರ ಸಂಬಳ. ಕರೆಂಟ್ ಬಿಲ್ಲಿಗೆ ಯಾವ ನಟಿ ಬಂದು ರಿಬ್ಬನ್ ಕತ್ತರಿಸುತ್ತಾಳೆ, ನೀವೇ ಹೇಳಿ.

ಷರತ್ತಿಲ್ಲದೆ ಕೊಟ್ಟರೆ ಎಂಥ ಅನಾಹುತವಾಗುತ್ತದೆ ಎಂಬುದಕ್ಕೊಂದು ನಿದರ್ಶನ ತಿಳಿದಿರಲಿ. ಲಾಸ್ ಏಂಜಲೀಸಿನಲ್ಲಿ ಡೆನ್ನಿಸ್ ಸ್ಲಾಮನ್ ಎಂಬ ಡಾಕ್ಟರು ಹರ್-2 ಎಂಬ ಜೀನಿನ ಬೆನ್ನು ಹತ್ತಿದ್ದರು. ಔಷಧ ಕಂಪನಿಗೆ ಪೂರ್ತಿ ನಂಬಿಕೆಯಿರಲಿಲ್ಲ, ಕೈಯಲ್ಲಿ ಕಾಸಿರಲಿಲ್ಲ. ಅವರ ಹಳೆಯ ರೋಗಿಯೊಬ್ಬರ ಹೆಂಡತಿ ಲಿಲಿ ಟಾರ್ಟಿಕಾಫ್, ಕ್ಯಾನ್ಸರ್ ತಜ್ಞೆಯಲ್ಲ, ವಿಜ್ಞಾನಿಯಲ್ಲ, ಲಿಪ್‌ಸ್ಟಿಕ್ ಮಾರುವ ರೆವ್ಲಾನ್ ಕಂಪನಿಯ ಒಡೆಯನ ಬೆನ್ನು ಬಿದ್ದು ಪ್ರಯೋಗಾಲಯಕ್ಕೆ ಹಣ ಕೊಡಿಸಿದರು. 1998ರಲ್ಲಿ ಆ ಕೆಲಸದಿಂದ ಹುಟ್ಟಿದ ಹರ್ಸೆಪ್ಟಿನ್ ಎಂಬ ಸ್ತನ ಕ್ಯಾನ್ಸರ್ ಔಷಧಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. 2014ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಅದೇ ಬಗೆಯ ಔಷಧವನ್ನು ಕಡಿಮೆ ಬೆಲೆಗೆ ಭಾರತದಲ್ಲಿ ತಂದಿತು. ಒಬ್ಬ ಹೆಂಗಸು ಚಂದಾ ಎತ್ತುವ ಕ್ರಮ ತಿಳಿಯದೆ ಹಣವನ್ನು ನೇರವಾಗಿ ಪ್ರಯೋಗಾಲಯಕ್ಕೆ ಮುಟ್ಟಿಸಿದ್ದರಿಂದ ಇಷ್ಟೆಲ್ಲ ಆಯಿತು.

ಇಂಥದ್ದು ನಮ್ಮ ದೇಶದಲ್ಲೂ ನಡೆದಿದೆ. ಹಲ್ಲು ಕೀಳುವಾಗ ಮರಗಟ್ಟಿಸುವ ಲಿಡೋಕೇನನ್ನು ಶಸ್ತ್ರಕ್ರಿಯೆಗೆ ಹತ್ತು ನಿಮಿಷ ಮೊದಲು ಗಡ್ಡೆಯ ಸುತ್ತ ಚುಚ್ಚಿದರೆ ಏನಾಗುತ್ತದೆಂದು ಟಾಟಾ ಮೆಮೋರಿಯಲ್ಲಿನ ಡಾ. ರಾಜೇಂದ್ರ ಬಡ್ವೆಯವರ ತಂಡ 1,600 ಹೆಂಗಸರ ಮೇಲೆ ಪ್ರಯೋಗ ಮಾಡಿತು. ಐದು ವರ್ಷದ ನಂತರ ಬದುಕಿದ್ದವರು ಚುಚ್ಚಿಸಿಕೊಳ್ಳದ ಗುಂಪಿನಲ್ಲಿ ಶೇಕಡಾ 86.4, ಚುಚ್ಚಿಸಿಕೊಂಡವರಲ್ಲಿ 90.1. ಫಲಿತಾಂಶ 2023ರಲ್ಲಿ ಅಚ್ಚಾಯಿತು. ಮದ್ದಿನ ಖರ್ಚು ನೂರು ರೂಪಾಯಿಯ ಆಸುಪಾಸು. ನೂರು ರೂಪಾಯಿ ಮದ್ದಿನಲ್ಲಿ ಯಾವ ಕಂಪನಿಗೂ ಲಾಭವಿಲ್ಲ, ಹಾಗಾಗಿ ಇಂಥ ಪ್ರಯೋಗಗಳಿಗೆ ಸರಕಾರದ ಹಣವೋ ಜನರ ಚಂದಾ ಹಣವೋ ಆಗಬೇಕು. ಇದನ್ನು ವೇದಿಕೆಯಲ್ಲಿ ಬಾಯಿ ಬಿಟ್ಟಿರಾದರೆ ಜನ ಪಾಕೀಟು ತೆಗೆಯುತ್ತಾರೆ, ತೆಗೆದು ಸಂಶೋಧನೆಗೇ ಕೊಡುತ್ತೇವೆ ಎನ್ನುತ್ತಾರೆ. ನಿಮ್ಮ ಡ್ರೋನಿಗೆ ಯಾರು ಕೊಡುತ್ತಾರೆ?

ದೇಣಿಗೆದಾರರ ಜತೆ ನಯವಾಗಿರಿ, ಲೆಕ್ಕದಲ್ಲಿ ಗಂಭೀರವಾಗಿರಿ. ನಗದು ಕೇಳಿ. 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ಆದಾಯ ತೆರಿಗೆ ವಿನಾಯಿತಿ ಸಿಗುವುದಿಲ್ಲ ಎಂಬುದನ್ನು ಅವರ ಚಾರ್ಟರ್ಡ್ ಅಕೌಂಟೆಂಟ್ ಜುಲೈಯಲ್ಲಿ ತಿಳಿಸುತ್ತಾರೆ, ನಿಮಗೇಕೆ ಅವಸರ. ಕಂಪನಿಗಳ ಸಿಎಸ್‌ಆರ್ ಹಣಕ್ಕೆ ಮಾರ್ಚಿನಲ್ಲಿ ಹೋಗಿ. ವರ್ಷ ಮುಗಿಯುವುದರೊಳಗೆ ಲಾಭದ ಶೇಕಡಾ ಎರಡನ್ನು ತೀರಿಸಬೇಕಾದವರು ಯೋಜನಾ ವರದಿಯನ್ನು ಕೊನೆಯ ಪುಟದವರೆಗೆ ಓದುವುದಿಲ್ಲ. ಹಣ ಎಲ್ಲಿಗೆ ಹೋಯಿತೆಂದು ಯಾರಾದರೂ ಸಭೆಯಲ್ಲಿ ಕೇಳಿದರೆ ‘ಜಾಗೃತಿಗೆ’ ಅನ್ನಿ. ಜಾಗೃತಿಗೆ ರಸೀದಿ ಇರುವುದಿಲ್ಲ. ಇನ್ನೂ ಕೇಳಿದರೆ ಬಾಗಿಲಲ್ಲಿ ಪುಣೇರಿ ಪಾಟಿ ಎಂಬ ಫಲಕವೊಂದನ್ನು ತೂಗುಹಾಕಿ: ‘ಪ್ರಶ್ನೆಗಳನ್ನು ಲಿಖಿತವಾಗಿ, ಎರಡು ಪ್ರತಿಯಲ್ಲಿ, ಕಾರ್ಯಕ್ರಮಕ್ಕೆ ಒಂದು ವಾರ ಮೊದಲು ಸಲ್ಲಿಸತಕ್ಕದ್ದು.’

ಎಲ್ಲ ಮುಗಿದು ಕುರ್ಚಿ ಮಡಚುವಾಗ, ಕಸ ಗುಡಿಸಲು ಬಂದ ಮಾವಶಿ ನಿಮ್ಮ ಬಳಿ ನಿಂತು, ಎದೆಯ ಹತ್ತಿರ ಸೆರಗು ಸರಿಪಡಿಸಿಕೊಳ್ಳುತ್ತ, ಯಾವ ಡಾಕ್ಟರಿಗೆ ತೋರಿಸಬೇಕು ಎಂದು ಕೇಳಬಹುದು. ಗಡಿಬಿಡಿಯಾಗಬೇಡಿ. ಉಳಿದಿರುವ ಟೀಶರ್ಟು ಒಂದು ಕೊಡಿ, ದೊಡ್ಡ ಸೈಜಿನವು ಯಾವಾಗಲೂ ಉಳಿಯುತ್ತವೆ.

ಕೊನೆಯದಾಗಿ, ಪೆಟ್ಟಿಗೆಯ ತಳದಲ್ಲಿ ಏನಾದರೂ ಚಿಲ್ಲರೆ ಉಳಿದಿದ್ದರೆ ಮುಂದಿನ ವರ್ಷದ ಸಭಾಂಗಣಕ್ಕೆ ಅಡ್ವಾನ್ಸ್ ಕಟ್ಟಿಬಿಡಿ. ಅಡ್ವಾನ್ಸನ್ನು ಯಾರೂ ವಾಪಸು ಕೊಡುವುದಿಲ್ಲ, ಹಾಗಾಗಿ ಕಾರ್ಯಕ್ರಮ ಮುಂದಿನ ವರ್ಷವೂ ನಡೆದೇ ನಡೆಯುತ್ತದೆ.