ಹಳೆ ಲೈಟ್‌ರೂಮ್ ಸಾಕೋ, ಹೊಸದು ಬೇಕೋ?

ಫೋಟೋ ತಿದ್ದೋ ಅಡೋಬಿಯವರ ಸಾಫ್ಟ್‌ವೇರ್ ಲೈಟ್‌ರೂಮ್ 6 ಬಿಟ್ಟು ತಿಂಗಳ ಬಾಡಿಗೆಯ ಲೈಟ್‌ರೂಮ್ ಕ್ಲಾಸಿಕ್‌ಗೆ ಹೋಗಬೇಕೋ ಬೇಡವೋ ಅನ್ನುವುದು ನಮ್ಮ ಓಣಿಯಲ್ಲಿ ಇನ್ನೂ ಬಗೆಹರಿದಿಲ್ಲ ನೋಡ್ರಿ. ಪಕ್ಕದ ಮನೆಯ ತಮ್ಮ ಲಗ್ನದ ಫೋಟೋ ತೆಗೆಯುವವ. ಕಂಪೌಂಡ್ ಗೋಡೆಗೆ ಮೊಣಕೈ ಊರಿ ನಿಂತನೆಂದರೆ ಮೊದಲು ಮಳೆಯ ಮಾತು, ಆಮೇಲೆ ನಳ ಯಾವಾಗ ಬರುತ್ತದೆ ಅನ್ನೋ ಮಾತು, ಕಡೆಗೆ ಇದೇ. ಹುಬ್ಬಳ್ಳಿಯಲ್ಲಿ ನಳದ ಮಾತು ಮುಗಿಯದೆ ಬೇರೆ ಮಾತು ಶುರುವಾಗೋದೇ ಇಲ್ಲ, ಅಲ್ಲೇನ್ರಿ?

ಒಮ್ಮೆ ರೊಕ್ಕ ಕೊಟ್ಟು ನಮ್ಮದು ಅಂತ ಇಟ್ಟುಕೊಳ್ಳೋ ಲೈಟ್‌ರೂಮ್‌ಗಳಲ್ಲಿ 2015ರ ಆ ಆರನೆಯದೇ ಕೊನೆಯದು. 2017ರ ಡಿಸೆಂಬರಿನಲ್ಲಿ 6.14 ಬಂತು, ಅಲ್ಲಿಗೆ ಅದರ ಸುಧಾರಣೆ ನಿಂತಿತು. ಮರುವರ್ಷ ಕ್ಯಾನನ್‌ನವರು ಎಂ50 ಕ್ಯಾಮೆರಾದ ಜೊತೆ ಸಿಆರ್3 ಅನ್ನೋ ಹೊಸ ನಮೂನೆಯ ರಾ ಫೈಲ್ ತಂದರು. ಅದು ಹುಟ್ಟೋದಕ್ಕೆ ಮೊದಲೇ ನಿಂತುಹೋದ ಸಾಫ್ಟ್‌ವೇರ್ ಅದನ್ನ ಹೆಂಗ ಓದಬೇಕು, ನೀವೇ ಹೇಳ್ರಿ. ತಮ್ಮ ತಂದದ್ದೂ ಅದೇ ಸಿಆರ್3 ಬರೆಯೋ ಕ್ಯಾಮೆರಾ.

ಇದಕ್ಕೊಂದು ಪುಕ್ಕಟೆ ದಾರಿ ಇಲ್ಲದಿಲ್ಲ. ಅಡೋಬಿಯವರದೇ ಡಿಎನ್‌ಜಿ ಕನ್ವರ್ಟರ್ ಅಂತ ಇದೆ. ಸಿಆರ್3 ಅದಕ್ಕೆ ಕೊಟ್ಟರೆ ಡಿಎನ್‌ಜಿ ಮಾಡಿಕೊಡುತ್ತದೆ, ಅದನ್ನು ಹಳೆಯ ಲೈಟ್‌ರೂಮ್ ತೆರೆಯುತ್ತದೆ. ಹವ್ಯಾಸಕ್ಕೆ ತೆಗೆಯೋ ನನ್ನಂಥವರಿಗೆ ಇಷ್ಟು ಸಾಕು. ಆದರೆ ಒಂದೊಂದು ಲಗ್ನಕ್ಕೆ ಸಾವಿರಗಟ್ಟಲೆ ಫೋಟೋ ಹೊಡೆಯುವವನಿಗೆ ಅದೊಂದು ಕೆಲಸ ಹೆಚ್ಚಾಯಿತು, ಹಾರ್ಡ್‌ಡಿಸ್ಕಿನಲ್ಲಿ ಜಾಗವೂ ಬೇಕಾಯಿತು.

ಕ್ಯಾಮೆರಾ ಕಂಡದ್ದನ್ನು ಹಂಗೇ ಇಡೋ ಈ ರಾ ಫೈಲ್ ಅಂದಾಗೆಲ್ಲ ನನಗೆ ಹಿಂದಿನ ಸ್ಟುಡಿಯೋಗಳ ನೆಗೆಟಿವ್ ನೆನಪಾಗುತ್ತದೆ. ಧಾರವಾಡದಲ್ಲಿ ಕನ್ಯೆ ತೋರಿಸೋ ಫೋಟೋ ತೆಗೆಸಿದ ಮನೆಗಳಿಗೆ ಗೊತ್ತಿರುತ್ತದೆ. ಸ್ಟುಡಿಯೋದವರು ನೆಗೆಟಿವ್ ಅನ್ನು ಬೆಳಕಿಗೆ ಹಿಡಿದು, ಚೂಪು ಪೆನ್ಸಿಲ್ ತಗೊಂಡು, ಮುಖದ ಮೇಲಿನ ಕಲೆ, ಕಣ್ಣ ಕೆಳಗಿನ ನೆರಳು ಎಲ್ಲ ಒಂದೊಂದಾಗಿ ತಿದ್ದುತ್ತಿದ್ದರು. ಪೆನ್ಸಿಲ್ ತಾಗಿದಲ್ಲಿ ನೆಗೆಟಿವ್ ಕಪ್ಪಾಗುತ್ತಿತ್ತು, ಪ್ರಿಂಟಿನಲ್ಲಿ ಅದೇ ಜಾಗ ಬೆಳ್ಳಗೆ ಬರುತ್ತಿತ್ತು. ಕಪ್ಪು ಹಚ್ಚಿ ಬಿಳಿ ಮಾಡೋ ವಿದ್ಯೆ! ಅದರ ಮೇಲೆ ಹಾರ್ಡ್ ಪೇಪರ್, ಸಾಫ್ಟ್ ಪೇಪರ್ ಅಂತ ಬೇರೆ. ಸಪ್ಪೆ ನೆಗೆಟಿವ್‌ಗೆ ಹಾರ್ಡ್ ಪೇಪರ್ ಹಾಕಿದರೆ ಮುಖಕ್ಕೆ ಕಳೆ ಬರುತ್ತಿತ್ತು. ನೆಗೆಟಿವ್ ಅದೇ, ಪೇಪರ್ ಬದಲಾದರೆ ಫೋಟೋನೇ ಬದಲು.

ರಾ ಫೈಲಿನಲ್ಲೂ ಅದೇ ನಡೆಯೋದು. ಜೆಪಿಇಜಿಯಲ್ಲಿ ಒಂದು ಬಣ್ಣಕ್ಕೆ 256 ಮೆಟ್ಟಿಲು. 14 ಬಿಟ್ ರಾ ಫೈಲಿನಲ್ಲಿ 16,384. ಅಷ್ಟು ಮೆಟ್ಟಿಲೊಳಗೆ ಅಡಗಿದ್ದನ್ನು ಹೊರಗೆ ತೆಗೆಯೋ ಕೈಚಳಕ ಸಾಫ್ಟ್‌ವೇರಿನದು. ಕೈಚಳಕ ಹೆಚ್ಚಿದಂತೆ ಹಳೆಯ ಫೋಟೋದಿಂದಲೂ ಹೊಸದೇನೋ ಬರುತ್ತದೆ.

ನನಗಾದದ್ದನ್ನೇ ಹೇಳ್ತೀನಿ. ಮಾಗಡಿ ಕೆರೆ ನೋಡಿರಲ್ಲ? ಬೆಂಗಳೂರ ಕಡೆಯ ಮಾಗಡಿ ಅಲ್ಲರಿ, ನಮ್ಮ ಗದಗ ಜಿಲ್ಲೆಯದು. 2024ರಲ್ಲಿ ಜೌಗು ನೆಲಗಳ ರಾಮ್‌ಸರ್ ಪಟ್ಟಿಗೆ ಸೇರಿತಲ್ಲ, ಅದೇ. ಚಳಿಗಾಲದಲ್ಲಿ ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬೆಳ್ಳನೆ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ, ಎಷ್ಟು ಚಂದ ಅಂತೀರಿ! ಆದರೆ ಬಿಸಿಲು ಏರಿತೋ, ಆ ತಲೆ ಫೋಟೋದಲ್ಲಿ ಬರೇ ಬಿಳಿ ಕಲೆ. ಅಲ್ಲಿ ತೆಗೆದ ನನ್ನ ಹಳೆಯ ರಾ ಫೈಲ್‌ಗಳೂ ಹಂಗೇ ಇದ್ದವು. 2012ರಲ್ಲಿ ಲೈಟ್‌ರೂಮ್ 4 ಬಂತು, ಅದರ ಹೈಲೈಟ್ಸ್ ಎಳೆದು ಕೆಳಗಿಳಿಸಿದೆ. ಗರಿಯ ಎಳೆ ಎಳೆ ಕಾಣಿಸಿತು! ಇಷ್ಟು ದಿನ ಅವು ಫೈಲಿನೊಳಗೇ ಇದ್ದವಲ್ಲ ಅಂತ ಬಹಳ ಹೊತ್ತು ನೋಡುತ್ತ ಕೂತೆ. ರಾ ಫೈಲ್ ಅಳಿಸಬೇಡ್ರಿ ಅಂತ ಕಂಡವರಿಗೆಲ್ಲ ನಾನು ಹೇಳೋದು ಅದಕ್ಕೇ.

ಹೊಸದಕ್ಕೆ ಹೋದರೆ ಹಿಂದೆ ತಿದ್ದಿದ್ದೆಲ್ಲ ಕೆಟ್ಟುಹೋದರೆ ಹೆಂಗ ಅಂತ ತಮ್ಮನಿಗೆ ಚಿಂತೆ. ಹಂಗೇನಾಗಲ್ಲ. ಹಳೆಯ ತಿದ್ದುಪಡಿ ಯಾವ ಪ್ರೋಸೆಸ್ ವರ್ಷನ್‌ನಲ್ಲಿ (ಫೋಟೋ ಸಂಸ್ಕರಿಸೋ ವಿಧಾನದ ಆವೃತ್ತಿ) ಆಗಿರುತ್ತದೋ ಅದರಲ್ಲೇ ಇರುತ್ತದೆ, ನಾವಾಗಿ ಬದಲಿಸು ಅಂದಾಗಲೇ ಬದಲಾಗೋದು.

ಅವನಿಗೆ ಆಸೆ ಹುಟ್ಟಿಸಿದ್ದು 2023ರ ಏಪ್ರಿಲ್‌ನಲ್ಲಿ ಬಂದ ಡಿನಾಯ್ಸ್. ಕಲ್ಯಾಣ ಮಂಟಪದ ಬೆಳಕು ಗೊತ್ತಲ್ಲ? ಒಂದು ಕಡೆ ಗುಲಾಬಿ ದೀಪ, ಇನ್ನೊಂದು ಕಡೆ ಕತ್ತಲು. ಅಕ್ಷತೆ ಬೀಳೋ ಗಳಿಗೆ ಮತ್ತೆ ಬರೋದಿಲ್ಲ, ಐಎಸ್‌ಒ 6400ಕ್ಕೆ ಏರಿಸಲೇಬೇಕು, ಕಾಳು ಕಾಳಾಗಿ ನಾಯ್ಸ್ ಬರಲೇಬೇಕು. ಆ ನಾಯ್ಸನ್ನು ಇದು ನಿಜಕ್ಕೂ ಚಲೋ ತೆಗೆಯುತ್ತದೆ, ಮದುಮಗಳ ಸೀರೆಯ ಜರಿ ಉಳಿಸಿಕೊಂಡು. ಆದರೆ ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದರೆ ಒಂದೊಂದು ಫೋಟೋಕ್ಕೂ ನಿಮಿಷಗಟ್ಟಲೆ ಕಾಯಬೇಕು. ಅಂದಮೇಲೆ ಸಾಫ್ಟ್‌ವೇರಿನ ಖರ್ಚಿಗೆ ಕಂಪ್ಯೂಟರಿನ ಖರ್ಚನ್ನೂ ಕೂಡಿಸಬೇಕಲ್ಲ?

ಬಾಡಿಗೆ ನಿಲ್ಲಿಸಿದರೆ ಏನು ಅನ್ನೋದೂ ಗೊತ್ತಿರಬೇಕು. ಲೈಟ್‌ರೂಮ್ ಕ್ಲಾಸಿಕ್ ತೆರೆಯುತ್ತದೆ, ಫೋಟೋ ಕಾಣುತ್ತವೆ, ಎಕ್ಸ್‌ಪೋರ್ಟ್ ಮಾಡಿಕೊಳ್ಳಬಹುದು. ಡೆವಲಪ್, ಮ್ಯಾಪ್ ಅನ್ನೋ ಕೋಣೆಗಳಿಗೆ ಬೀಗ. ಕೊಂಡದ್ದೂ ಪೂರ್ತಿ ನಮ್ಮದಾಗಿ ಉಳಿಯಲಿಲ್ಲ ಬಿಡ್ರಿ. ಆರನೆಯದರೊಳಗಿನ ಮ್ಯಾಪ್ 2018ರ ನವೆಂಬರ್ ಕೊನೆಗೆ ನಿಂತೇಹೋಯಿತು, ಅದು ಗೂಗಲ್ ನಕಾಶೆಯನ್ನು ನೆಚ್ಚಿಕೊಂಡಿತ್ತು.

ಪುಕ್ಕಟೆ ಸಿಗೋ ಡಾರ್ಕ್‌ಟೇಬಲ್, ರಾಥೆರಪಿ ಇವೆ. ಡಾರ್ಕ್‌ಟೇಬಲ್ 2009ರಿಂದ ಬೆಳೆದುಬಂದದ್ದು, ಸಾಮಾನ್ಯವಾಗಿ ವರ್ಷಕ್ಕೆರಡು ಸಲ, ಅದರಲ್ಲೊಂದು ಕ್ರಿಸ್‌ಮಸ್ ಹೊತ್ತಿಗೆ, ಹೊಸದು ಬರುತ್ತದೆ. ಕೈ ಕೂರಲು ತಾಳ್ಮೆ ಬೇಕು. ಲೈಟ್‌ರೂಮ್‌ನಲ್ಲಿ ಮಾಡಿದ ಬಣ್ಣದ ಕೆಲಸವನ್ನೂ ಬಹುಮಟ್ಟಿಗೆ ಮೊದಲಿನಿಂದ ಮಾಡಬೇಕು. ಆದರೂ ಕಲಿಯೋ ವಯಸ್ಸಿನವರಿಗೆ ನಾನು ಮೊದಲು ಹೇಳೋದು ಡಾರ್ಕ್‌ಟೇಬಲನ್ನೇ.

ತಮ್ಮನಿಗೆ ಹೇಳಿದ್ದು ಇಷ್ಟು. ಆಷಾಢ ಬರಲಿ. ಲಗ್ನ ಇರೋದಿಲ್ಲ, ಕೈ ಖಾಲಿ ಇರುತ್ತದೆ. ಏಳು ದಿನದ ಟ್ರಯಲ್ ಆಗ ಹಾಕು. ಚಂದ ಬಂದ ಫೋಟೋ ಅದಕ್ಕೆ ತೋರಿಸಬೇಡ, ಕತ್ತಲಿಗೆ ಸಿಕ್ಕು ಆಲ್ಬಮ್ಮಿನಿಂದ ಬಿಟ್ಟುಹೋದ ಹಳೆಯವನ್ನ ಕೊಡು. ಅವು ಆಲ್ಬಮ್ಮಿಗೆ ಬರೋ ಹಂಗಾದವು ಅಂದ್ರೆ ಧೈರ್ಯದಿಂದ ರೊಕ್ಕ ಕಟ್ಟು, ಶ್ರಾವಣದ ಮೊದಲ ಲಗ್ನದಲ್ಲೇ ಹುಟ್ಟುತ್ತದೆ. ಆಗಲಿಲ್ಲವೋ, ಆ ರೊಕ್ಕದಲ್ಲಿ ಇನ್ನೊಂದು ಹಾರ್ಡ್‌ಡಿಸ್ಕ್ ತಗೊಂಡು ರಾ ಫೈಲ್‌ಗಳದ್ದು ಎರಡನೇ ಪ್ರತಿ ಇಡು. ಸಾಫ್ಟ್‌ವೇರ್ ಮುಂದಿನ ವರ್ಷವೂ ಸಿಗುತ್ತದೆ, ಹೋದ ಫೈಲ್ ಸಿಗಲ್ಲ. ನೀವೇನಂತೀರಿ, ಬರೋಬ್ಬರಿ ಅಲ್ಲೇನ್ರಿ?