ಸಾಲ್ಸಾ: ಬಳಕೆದಾರರ ಕೈಪಿಡಿ

ಈರುಳ್ಳಿಗೆ ಕೈ ಹಾಕುವ ಮುನ್ನ ಓದತಕ್ಕದ್ದು. ಟೆಕ್ಸಾಸ್‌ನಲ್ಲಿ ನೆಲೆಸಿ, ಮನೆ ಹತ್ತಿರವೇ ಮೆಕ್ಸಿಕನ್ ದಿನಸಿ ಅಂಗಡಿಯಿದ್ದೂ ಬಾಟಲಿ ಸಾಲ್ಸಾ ತಂದು ಫ್ರಿಜ್ಜಿನ ಬಾಗಿಲಲ್ಲಿ ಮರೆತುಬಿಡುವ ಕನ್ನಡ ಕುಟುಂಬಗಳಿಗೆ ಈ ಕೈಪಿಡಿ ಅನ್ವಯಿಸುತ್ತದೆ. ಕೊಂಡು ತಿನ್ನುವುದು ಅಪರಾಧವೇನಲ್ಲ. ಬೆರ್ನಾರ್ದಿನೊ ದೆ ಸಹಾಗುನ್ ಎಂಬ ಪಾದ್ರಿ 16ನೇ ಶತಮಾನದಲ್ಲಿ ಸಿದ್ಧಪಡಿಸಿದ ಗ್ರಂಥದಲ್ಲೇ, ಮೆಕ್ಸಿಕೊದ ಸಂತೆಯಲ್ಲಿ ಟೊಮ್ಯಾಟೊ, ಮೆಣಸಿನಕಾಯಿ, ಕುಂಬಳಬೀಜ ಹಾಕಿದ ಗೊಜ್ಜು ಮಾರುತ್ತಿದ್ದವರ ವಿವರವಿದೆ. ಆದರೆ ಅವರ್ಯಾರೂ ಅದನ್ನು ಆರು ತಿಂಗಳು ಬಾಟಲಿಯಲ್ಲಿ ಕೂರಿಸುತ್ತಿರಲಿಲ್ಲ.

ಉಪಕರಣ

ಮೊಲ್ಕಹೇತೆ ಎಂಬ ಮೂರು ಕಾಲಿನ ಒರಳು ಬೇಕು. ಜ್ವಾಲಾಮುಖಿಯ ಕಲ್ಲಿನದು, ಮೈತುಂಬ ಸಣ್ಣ ತೂತು. ತಂದ ದಿನವೇ ಬಳಸಕೂಡದು. ಹಿಡಿ ಅಕ್ಕಿ ಹಾಕಿ ಅರೆಯಿರಿ; ಹಿಟ್ಟು ಬೂದಿ ಬಣ್ಣಕ್ಕೆ ಬಂದರೆ ಚೆಲ್ಲಿ, ಮತ್ತೆ ಅರೆಯಿರಿ. ಬೆಳ್ಳಗಿನ ಹಿಟ್ಟು ಬಂದ ಮೇಲೆ ಬೆಳ್ಳುಳ್ಳಿ, ಜೀರಿಗೆ, ಕಲ್ಲುಪ್ಪು ಅರೆದು ತೊಳೆಯಿರಿ. ಇದನ್ನು ಓದಿ ಹೇಳುತ್ತಿರುವಾಗ ಊರಿಂದ ಬಂದಿರುವ ಅಮ್ಮ, "ಹೊಸ ಒರಳಿಗೆ ಮೊದಲು ಅಕ್ಕಿ ಹಾಕಿ ರುಬ್ಬಬೇಕು ಕಣೋ, ಇದನ್ನೂ ಪುಸ್ತಕ ನೋಡಿ ಕಲೀಬೇಕಾ?" ಎಂದರೆ ಕೈಪಿಡಿ ಮುಚ್ಚಿ ಅವರ ಕೈಗೆ ಗುಂಡು ಕೊಡತಕ್ಕದ್ದು. ಸಿಮೆಂಟಿನಲ್ಲಿ ಎರಕ ಹೊಯ್ದ ನಕಲಿಗಳೂ ಸಿಗುತ್ತವೆ. ಎಷ್ಟು ಅರೆದರೂ ಬೂದಿ ನಿಲ್ಲದಿದ್ದರೆ ಅದರಲ್ಲಿ ಪುದೀನ ಬೆಳೆಸಿ.

ಮಾದರಿ ಒಂದು: ಹಸಿ

ಟೊಮ್ಯಾಟೊ, ಬಿಳಿ ಈರುಳ್ಳಿ, ಸೆರಾನೊ ಮೆಣಸಿನಕಾಯಿ, ಕೊತ್ತಂಬರಿ, ಲಿಂಬೆಹಣ್ಣು, ಉಪ್ಪು. ಹೆಚ್ಚಿ, ಕಲಸಿ. ಮೆಕ್ಸಿಕೊ ಬಾವುಟದ ಮೂರೂ ಬಣ್ಣ ತಟ್ಟೆಯಲ್ಲಿರುತ್ತದೆ. ಕೋಸಂಬರಿ ಮಾಡಬಲ್ಲವರಿಗೆ ಇನ್ನೇನು ಹೇಳುವುದು? ಉಪ್ಪು ಮಾತ್ರ ಬಡಿಸುವ ಹೊತ್ತಿಗೆ, ಇಲ್ಲದಿದ್ದರೆ ನೀರು ಬಿಡುತ್ತದೆ.

ಮಾದರಿ ಎರಡು: ಸುಟ್ಟದ್ದು

ಕೈಪಿಡಿಯ ಲೇಖಕರು ಪಕ್ಷಪಾತಿಗಳು. ಅವರ ಪ್ರಕಾರ ಉಳಿದವೆಲ್ಲ ಇದಕ್ಕೆ ಪೀಠಿಕೆ. ಮೆಕ್ಸಿಕೊದಲ್ಲಿ ಕೊಮಾಲ್ ಎನ್ನುವ ಹೆಂಚಿನ ಮೇಲೆ ಸುಡುತ್ತಾರೆ, ನಿಮ್ಮ ದೋಸೆ ಕಾವಲಿ ಸಾಕು. ಎಣ್ಣೆ ಸೋಕಿಸಬೇಡಿ. ಇಡೀ ಟೊಮ್ಯಾಟೊ, ಸಿಪ್ಪೆಸಮೇತ ಬೆಳ್ಳುಳ್ಳಿ ಎಸಳು, ದಪ್ಪ ಈರುಳ್ಳಿ ಬಿಲ್ಲೆ ಇಟ್ಟು ಸುಮ್ಮನಿರಿ. ಸುಮ್ಮನಿರುವುದೇ ಕಷ್ಟ. ಟೊಮ್ಯಾಟೊ ಸಿಪ್ಪೆ ಮೊದಲು ಸುಕ್ಕಾಗಿ, ಆಮೇಲೆ ಬಿರಿದು, ರಸ ಕಾವಲಿಗೆ ತೊಟ್ಟಿಕ್ಕಿ ಚುರ್ರೆಂದು ಅಲ್ಲೇ ಕಂದಾಗಿ ಅಂಟುತ್ತದೆ. ಕಪ್ಪು ಕಲೆ ಬಿದ್ದ ಮೇಲಷ್ಟೇ ಹೊರಳಿಸಿ. ಒಣಮೆಣಸಿನಕಾಯಿಗೆ ಅಷ್ಟು ಹೊತ್ತಿಲ್ಲ: ಅರ್ಧ ನಿಮಿಷದೊಳಗೆ ಘಮ್ಮೆನ್ನಬೇಕು, ಕರಕಲಾದರೆ ಕಹಿ. ಊರಿಂದ ತಂದ ಬ್ಯಾಡಗಿ ಇದ್ದರೆ ಅಲ್ಲಿಯ ಗುವಾಹಿಯೊ ಮೆಣಸಿನಕಾಯಿ ಬದಲಿಗೆ ಧಾರಾಳವಾಗಿ ಹಾಕಿ. ಎರಡೂ ಬಣ್ಣಕ್ಕೆ ಉದಾರ, ಖಾರಕ್ಕೆ ಜಿಪುಣ. ಘಾಟೆದ್ದು ಹೊಗೆ ಅಲಾರಂ ಕೂಗಿಕೊಂಡರೆ ಕಿಟಕಿ ತೆಗೆಯಿರಿ. ಪಕ್ಕದ ಮನೆಯವರು ಬಂದರೆ ಚಿಪ್ಸ್ ಕೊಡಿ.

ಸುಟ್ಟ ಒಣಮೆಣಸಿನಕಾಯಿಯನ್ನು ನೀರಲ್ಲಿ ನೆನೆಸಿ. ಈಗ ಒರಳಿಗೆ ಮೊದಲು ಬೆಳ್ಳುಳ್ಳಿ, ಉಪ್ಪು, ನೆನೆದ ಮೆಣಸಿನಕಾಯಿ. ಅವು ನುಣ್ಣಗಾದ ಮೇಲೆ ಉಳಿದದ್ದು. ಟೊಮ್ಯಾಟೊ ಜಜ್ಜಬೇಕಷ್ಟೆ. ಮಿಕ್ಸಿ ಹಾಕಲೇಬೇಕೆಂದರೆ ಎರಡು ಸಲ ತಿರುಗಿಸಿ ನಿಲ್ಲಿಸಿ, ಮೂರನೇ ಸಲಕ್ಕೆ ಗುಲಾಬಿ ನೊರೆ.

ವಿಶೇಷ ಎಚ್ಚರಿಕೆ

ಈ ಘಟ್ಟದಲ್ಲಿ ಅಡುಗೆಮನೆಯಿಂದ ಸಾಸಿವೆ ಸಿಡಿಯುವ ಸದ್ದು ಕೇಳಿಬಂದರೆ ಕೂಡಲೇ ಓಡಿ. ಒಗ್ಗರಣೆ ಬಿದ್ದದ್ದು ಸಾಲ್ಸಾ ಅಲ್ಲ, ಗೊಜ್ಜು. ಒಳ್ಳೆಯ ಗೊಜ್ಜೇ ಇರಬಹುದು, ಆದರೆ ಸುಟ್ಟ ವಾಸನೆಯನ್ನು ಇಂಗು ನುಂಗಿಹಾಕುತ್ತದೆ. "ಇದು ನಮ್ಮದೇ ಅಲ್ವೇನೋ" ಎಂದು ಅಮ್ಮ ಅಂದರೆ, ನಮ್ಮ ಗೊಜ್ಜಿನ ಟೊಮ್ಯಾಟೊ, ಮೆಣಸಿನಕಾಯಿ ಎರಡೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದವು ಎಂಬ ಇತಿಹಾಸವನ್ನು ಊಟ ಮುಗಿಯುವ ತನಕ ಹೇಳತಕ್ಕದ್ದಲ್ಲ.

ಇತರ ಮಾದರಿಗಳು

ಹಸಿರು ಸಾಲ್ಸಾ ಬೇಕಿದ್ದರೆ ಟೊಮಾಟಿಯೊ ಎಂಬ ಕಾಯಿ. ಕಾಗದದಂಥ ಹೊದಿಕೆ ಸುಲಿದು, ಮೈಗಂಟಿದ ಜಿಗುಟು ತೊಳೆದು ಬೇಯಿಸಿ ಅರೆಯಿರಿ. ವೆರಾಕ್ರೂಸ್ ಕಡೆಯ ಸಾಲ್ಸಾ ಮಾಚಾಕ್ಕೆ ಒಣಮೆಣಸಿನಕಾಯಿ, ಶೇಂಗಾ, ಬೆಳ್ಳುಳ್ಳಿ ಎಣ್ಣೆಯಲ್ಲಿ ಕರಿದು ಕುಟ್ಟಬೇಕು. ಧಾರವಾಡದವರು ಇದನ್ನು ಯಾರನ್ನೂ ಕೇಳದೆ ರೊಟ್ಟಿಗೆ ಹಚ್ಚಿಕೊಳ್ಳುತ್ತಾರೆ.

ದೋಷ ನಿವಾರಣೆ

ನಾಲಿಗೆ ಉರಿ: ನೀರು ಕುಡಿದು ಪ್ರಯೋಜನವಿಲ್ಲ, ಖಾರದ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ. ಹಾಲು ಅಥವಾ ಮೊಸರು. ಹಬನೇರೊ ಮೆಣಸಿನಕಾಯಿ ಹೆಚ್ಚಿದ ಕೈ: ಕಣ್ಣಿಗೆ ಬೇಡ, ಕಾಂಟ್ಯಾಕ್ಟ್ ಲೆನ್ಸಿಗಂತೂ ಬೇಡವೇ ಬೇಡ. ದಾಸ್ತಾನು: ಫ್ರಿಜ್ಜಿನಲ್ಲಿ ಎರಡು ಮೂರು ದಿನ. ಉಪ್ಪಿನಕಾಯಿ ಜಾಡಿಯ ಧೈರ್ಯದಲ್ಲಿ ಬಾಟಲಿಗೆ ತುಂಬಿ ಹೊರಗಿಡಬೇಡಿ. ಹುಳಿ ಸಾಲದಿದ್ದರೆ ಗಾಳಿಯಾಡದ ಬಾಟಲಿಯಲ್ಲಿ ಬಾಟುಲಿಸಂ ತರುವ ವಿಷ ಹುಟ್ಟಬಹುದು, ಇದು ತಮಾಷೆಯ ಮಾತಲ್ಲ.

ಚಿಪ್ಸ್ ಮೆತ್ತಗಾಗಿದ್ದರೆ ಮಾರನೆಯ ಬೆಳಿಗ್ಗೆ ಉಳಿದ ಸಾಲ್ಸಾ ಬಿಸಿ ಮಾಡಿ ಅದರಲ್ಲಿ ಹೊರಳಿಸಿ, ಮೇಲೆ ಈರುಳ್ಳಿ, ಚೀಸ್ ಉದುರಿಸಿ. ಮೆಕ್ಸಿಕೊದಲ್ಲಿ ಇದಕ್ಕೆ ಚಿಲಕೀಲೆಸ್ ಎಂದು ಹೆಸರು. ಅಮ್ಮ ಏಳುವುದರೊಳಗೆ ಮಾಡಿ ಮುಗಿಸಿ, ಇಲ್ಲದಿದ್ದರೆ ಆ ಸಾಲ್ಸಾ ಚಿತ್ರಾನ್ನವಾಗಿರುತ್ತದೆ.